ಕಟ್ಟಿಕೊಂಡ ಚುಕ್ಕಾಣಿ

ಯಂತ್ರಗಳು ದುಡಿದು ಸವೆಯುತ್ತವೆಯೆಂಬುದು ಎಲ್ಲರೂ ಬಲ್ಲ ಮಾತು. ಆದರೆ ದುಡಿಯದೆ ಕುಳಿತೇ ಕೆಡುವ ಯಂತ್ರಭಾಗಗಳೂ ಉಂಟು. ವರುಷದ ಬಹುಭಾಗ ಮಾಡಿನ ಕೆಳಗೆ ಸುಮ್ಮನಿದ್ದು, ನೀರು ಏರಿದ ದಿನ ಒಮ್ಮೆಲೇ ಬೇಕಾಗುವ ಮೋಟಾರು ದೋಣಿಯ ಚುಕ್ಕಾಣಿ ಕೇಬಲು ಅಂಥದೊಂದು ಭಾಗ. ಎಂಜಿನು ಮೊದಲ ಎಳೆತಕ್ಕೇ ಹೊತ್ತಿಕೊಳ್ಳಬಹುದು. ತೊಟ್ಟಿಯಲ್ಲಿ ಇಂಧನ ತುಂಬಿರಬಹುದು. ಆದರೆ ಚಾಲಕನು ಚಕ್ರವನ್ನು ತಿರುಗಿಸಹೋದರೆ ಅದು ಕಲ್ಲಿನಂತೆ ಕುಳಿತಿರುತ್ತದೆ. ದಿಕ್ಕು ಬದಲಿಸಲಾರದ ದೋಣಿಯು ಸೆಳವಿನಲ್ಲಿ ತೇಲುವ ಮರದ ದಿಮ್ಮಿಗಿಂತಲೂ ಅಪಾಯಕರವಾದುದು. ಏಕೆಂದರೆ ಅದರಲ್ಲಿ ಜನರಿರುತ್ತಾರೆ.

ಈ ಕೇಬಲು ಏಕೆ ಕಟ್ಟಿಕೊಳ್ಳುತ್ತದೆ? ಅದನ್ನು ಬಿಡಿಸುವ ಬಗೆ ಯಾವುದು? ಬಿಡಿಸಿದ ಮೇಲೂ ಅದನ್ನು ನಂಬಬಹುದೆ? ಈ ಮೂರು ಪ್ರಶ್ನೆಗಳನ್ನು ನಾವೀಗ ವಿಚಾರಿಸೋಣ. ಇವುಗಳಿಗೆ ಉತ್ತರ ಹುಡುಕುವಾಗ ಶಾಲೆಯಲ್ಲಿ ಓದಿದ ಘರ್ಷಣೆ, ತುಕ್ಕು, ಉಷ್ಣದಿಂದಾಗುವ ಹಿಗ್ಗುವಿಕೆ ಇವೆಲ್ಲವೂ ಒಂದೇ ಕೊಳವೆಯೊಳಗೆ ಸೇರಿಕೊಂಡಿರುವುದನ್ನು ಕಾಣುತ್ತೇವೆ.

ಘಟ್ಟದ ಮೇಲೆ ದೋಣಿಯ ಮಾತೇಕೆ?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳು. ಅಡಿಕೆ ತೋಟಗಳೂ ಕಾಡುಗಳೂ ತುಂಬಿದ ಈ ಸೀಮೆಯಲ್ಲಿ ಮೋಟಾರು ದೋಣಿಯ ಮಾತೇಕೆಂದು ವಾಚಕರು ಕೇಳಬಹುದು. ಆದರೆ ನದಿಗಳ ದಾರಿಯನ್ನು ಹಿಡಿದು ನೋಡಿದರೆ ಸಂಬಂಧ ತಾನಾಗಿ ಸ್ಪಷ್ಟವಾಗುತ್ತದೆ. ಅಘನಾಶಿನಿಯು ಶಿರಸಿಯ ಸೀಮೆಯಲ್ಲಿ ಹುಟ್ಟಿ, ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ೧೧೬ ಮೀಟರು ಕೆಳಕ್ಕೆ ಧುಮುಕಿ, ಕುಮಟೆಯ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ಸಿದ್ದಾಪುರ ತಾಲ್ಲೂಕಿನ ಅಂಚಿನಲ್ಲಿರುವ ಜೋಗದಲ್ಲಿ ೨೫೩ ಮೀಟರು ಧುಮುಕಿದ ಶರಾವತಿಯು ಹೊನ್ನಾವರಕ್ಕೆ ಹೋಗುತ್ತದೆ. ಧಾರವಾಡದ ಕಡೆಯಿಂದ ಬಂದ ಬೇಡ್ತಿಯು ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಜಲಪಾತವಾಗಿ, ಮುಂದೆ ಗಂಗಾವಳಿಯೆಂಬ ಹೆಸರನ್ನು ತಾಳಿ ಅಂಕೋಲೆಯ ಕಡೆಗೆ ಇಳಿಯುತ್ತದೆ. ಅದೇ ತಾಲ್ಲೂಕಿನ ಕೊಡಸಳ್ಳಿಯಲ್ಲಿ ಕಾಳಿ ನದಿಗೆ ಅಣೆಕಟ್ಟು ಇದೆ.

ಈ ತಾಲ್ಲೂಕುಗಳಲ್ಲಿ ವರುಷಕ್ಕೆ ೨೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು ಸಾಮಾನ್ಯ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಬಿಡುತ್ತದೆ. ಘಟ್ಟದ ಮೇಲಿನ ಮಳೆಯು ಕಡಿದಾದ ಕಣಿವೆಗಳಲ್ಲಿ ಬೇಗನೆ ಕೆಳಗಿಳಿದು ನೆರೆಯಾಗುತ್ತದೆ. ೨೦೧೯ರ ಆಗಸ್ಟಿನಲ್ಲಿ ಈ ಜಿಲ್ಲೆಯ ನದಿಗಳು ಉಕ್ಕಿ, ತಗ್ಗಿನ ಊರುಗಳ ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ೨೦೨೧ರ ಜುಲೈಯಲ್ಲಿ ಗಂಗಾವಳಿಯ ನೆರೆಗೆ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಸೇತುವೆಯೇ ಕೊಚ್ಚಿಹೋಯಿತು. ಇಂಥ ನಾಡಿನಲ್ಲಿ, ಬೇಕಾದಾಗ ದೋಣಿಯು ತಿರುಗುತ್ತದೆಯೋ ಇಲ್ಲವೋ ಎಂಬುದು ಸಣ್ಣ ಪ್ರಶ್ನೆಯಲ್ಲ.

ದೋಣಿಯ ಹಿಂಬದಿಗೆ ಹೊರಗಿನಿಂದ ಸಿಗಿಸಿ ಬಿಗಿಯುವ ಎಂಜಿನಿಗೆ ಔಟ್‌ಬೋರ್ಡ್ ಎಂಜಿನೆಂದು ಹೆಸರು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ ಎಂಬಾತನು ೧೯೦೯ರ ಸುಮಾರಿಗೆ ಮಾರಾಟಕ್ಕೆ ತಂದ ಎಂಜಿನಿನಿಂದ ಇದು ಜನಪ್ರಿಯವಾಯಿತು. ಇದರಲ್ಲಿ ಬೇರೆ ಚುಕ್ಕಾಣಿಯ ಹಲಗೆಯಿರುವುದಿಲ್ಲ. ಇಡೀ ಎಂಜಿನೇ ಎಡಕ್ಕೆ ಬಲಕ್ಕೆ ಹೊರಳಿ, ನೀರನ್ನು ತಳ್ಳುವ ದಿಕ್ಕನ್ನು ಬದಲಿಸುತ್ತದೆ. ಕರಾವಳಿಯ ನಾಡದೋಣಿಗಳಲ್ಲಿಯೂ, ನೆರೆಯ ಕೆಲಸಕ್ಕೆ ಒಯ್ಯುವ ಗಾಳಿ ತುಂಬಿದ ರಬ್ಬರು ದೋಣಿಗಳಲ್ಲಿ ಬಹುಮಟ್ಟಿಗೂ, ಎಂಜಿನಿನ ಹಿಡಿಯನ್ನೇ ಕೈಯಲ್ಲಿ ಹಿಡಿದು ಹೊರಳಿಸುತ್ತಾರೆ. ಅಲ್ಲಿ ಚುಕ್ಕಾಣಿ ಕೇಬಲು ಇಲ್ಲ. ವೇಗವನ್ನು ಹೆಚ್ಚು ಕಡಿಮೆ ಮಾಡುವ ತೆಳು ಕೇಬಲು ಮಾತ್ರ ಇರುತ್ತದೆ. ಚಾಲಕನು ಮುಂದೆ ಕುಳಿತು ಚಕ್ರವನ್ನು ತಿರುಗಿಸುವ ದೋಣಿಗಳಲ್ಲಿ ಮಾತ್ರ ಅವನ ಕೈಗೂ ಹಿಂದಿನ ಎಂಜಿನಿಗೂ ನಡುವೆ ಹಲವು ಮೀಟರು ಉದ್ದದ ಚುಕ್ಕಾಣಿ ಕೇಬಲು ಬೇಕು. ದೊಡ್ಡ ಎಂಜಿನುಗಳಿಗೆ ಈಗ ಎಣ್ಣೆಯ ಒತ್ತಡದಿಂದ ನಡೆಯುವ ಚುಕ್ಕಾಣಿಗಳು ಬಂದಿವೆಯಾದರೂ, ಸಣ್ಣ ದೋಣಿಗಳಲ್ಲಿ ಕೇಬಲೇ ಇಂದಿಗೂ ಬಳಕೆಯಲ್ಲಿದೆ.

ಕೊಳವೆಯೊಳಗಿನ ತಂತಿ

ಈ ಕೇಬಲನ್ನು ಕಾಣಲು ದೋಣಿಯ ಬಳಿಗೆ ಹೋಗಬೇಕಾಗಿಲ್ಲ. ನಿಮ್ಮ ಸೈಕಲಿನ ಬ್ರೇಕಿನ ಹಿಡಿಯಿಂದ ಚಕ್ರದವರೆಗೆ ಹೋಗಿರುವ ಕಪ್ಪು ನಳಿಗೆಯನ್ನು ನೋಡಿರಿ. ಅದರ ಹೊರಗವಚವು ಉಕ್ಕಿನ ತಂತಿಯನ್ನು ಸುರುಳಿಯಾಗಿ ಸುತ್ತಿ ಮಾಡಿದ್ದು. ಒಳಗೆ ಹೆಣೆದ ಉಕ್ಕಿನ ತಂತಿಯು ಜಾರಾಡುತ್ತದೆ. ಒಳತಂತಿಯನ್ನು ಎಳೆದಾಗ ಹೊರಗವಚವು ಅಷ್ಟೇ ಬಲದಿಂದ ಒತ್ತಲ್ಪಡುತ್ತದೆ. ನ್ಯೂಟನ್ನನ ಮೂರನೆಯ ನಿಯಮದ ಕ್ರಿಯೆ ಪ್ರತಿಕ್ರಿಯೆಗಳೆರಡೂ ಒಂದೇ ನಳಿಗೆಯಲ್ಲಿ ಇರುವುದರಿಂದ, ಕೇಬಲು ಹೇಗೆ ಬಳುಕಿದರೂ ಬಲವು ಮಾತ್ರ ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪುತ್ತದೆ. ಈ ಉಪಾಯಕ್ಕೆ ಎರ್ನೆಸ್ಟ್ ಮೊನಿಂಗ್ಟನ್ ಬೌಡನ್ ಎಂಬಾತನು ೧೮೯೬ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದನು. ರ್‍ಯಾಲೆ ಸೈಕಲ್ ಕಂಪನಿಯ ಸ್ಥಾಪಕ ಫ್ರಾಂಕ್ ಬೌಡನ್ ಎಂಬವನೊಡನೆ ಹಲವರು ಈತನನ್ನು ಬೆರೆಸಿಬಿಡುವುದುಂಟು. ಇಬ್ಬರೂ ಬೇರೆ ಬೇರೆ.

ಸೈಕಲಿನ ಕೇಬಲಿಗೂ ದೋಣಿಯ ಕೇಬಲಿಗೂ ಒಂದು ಮುಖ್ಯ ಭೇದವಿದೆ. ಸೈಕಲಿನ ತಂತಿಯು ಎಳೆಯುವುದಕ್ಕೆ ಮಾತ್ರ. ಬ್ರೇಕು ಹಿಂದಕ್ಕೆ ಬರಲು ಸ್ಪ್ರಿಂಗು ಸಹಾಯಮಾಡುತ್ತದೆ. ದೋಣಿಯ ಒಳತಂತಿಯಾದರೋ ಎಂಜಿನನ್ನು ಒಂದು ಬದಿಗೆ ಎಳೆಯಬೇಕು, ಇನ್ನೊಂದು ಬದಿಗೆ ತಳ್ಳಬೇಕು. ತೆಳು ತಂತಿಯನ್ನು ತಳ್ಳಿದರೆ ಮಡಚಿಹೋಗುವುದರಿಂದ ಇದನ್ನು ದಪ್ಪವಾಗಿಯೂ ಗಡುಸಾಗಿಯೂ ಮಾಡಿರುತ್ತಾರೆ. ಅದರ ಎಂಜಿನಿನ ಕಡೆಯ ತುದಿಗೆ ಸುಮಾರು ೧೬ ಮಿಲಿಮೀಟರು ವ್ಯಾಸದ ನುಣುಪಾದ ಉಕ್ಕಿನ ಸರಳೊಂದು ಜೋಡಣೆಯಾಗಿದೆ. ಎಂಜಿನಿನ ಕುತ್ತಿಗೆಯ ಬಳಿ ಅಡ್ಡಲಾಗಿರುವ ಒಂದು ಕೊಳವೆಯ ಮೂಲಕ ಈ ಸರಳು ಹಾದುಹೋಗುತ್ತದೆ. ಸರಳಿನ ತುದಿಯಿಂದ ಒಂದು ಕೊಂಡಿಯು ಎಂಜಿನಿನ ತೋಳಿಗೆ ಸೇರುತ್ತದೆ. ಚಕ್ರ ತಿರುಗಿದರೆ ಸರಳು ಕೊಳವೆಯೊಳಗೆ ಜಾರಿ, ಕೊಂಡಿಯು ಎಂಜಿನನ್ನು ಹೊರಳಿಸುತ್ತದೆ. ಈ ಅಡ್ಡ ಕೊಳವೆಯನ್ನು ಚೆನ್ನಾಗಿ ನೆನಪಿನಲ್ಲಿಡಿರಿ. ನಮ್ಮ ಕಥೆಯ ಕಳ್ಳನು ಹೆಚ್ಚಾಗಿ ಅಡಗಿರುವುದು ಅಲ್ಲಿಯೇ.

ಘರ್ಷಣೆಯ ಚಕ್ರಬಡ್ಡಿ

ಹೋರಿಯನ್ನು ಕಂಬಕ್ಕೆ ಕಟ್ಟುವವರು ಮೊದಲು ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತುತ್ತಾರೆ. ಆಗ ಹೋರಿಯು ಎಷ್ಟು ಜಗ್ಗಿದರೂ ಹಗ್ಗದ ತುದಿಯನ್ನು ಒಬ್ಬ ಹುಡುಗನು ಹಿಡಿದು ನಿಲ್ಲಬಹುದು. ಏಕೆ? ಕಂಬವನ್ನು ಬಳಸುವಾಗ ಹಗ್ಗದ ಪ್ರತಿಯೊಂದು ಚಿಕ್ಕ ಬಾಗೂ, ಅಲ್ಲಿಯವರೆಗಿನ ಬಿಗಿತದ ಒಂದು ಅಂಶದಷ್ಟು ಘರ್ಷಣೆಯನ್ನು ಸೇರಿಸುತ್ತದೆ. ಮುಂದಿನ ಬಾಗು ಈ ಹೆಚ್ಚಿದ ಬಿಗಿತದ ಮೇಲೆ ಮತ್ತೊಂದು ಅಂಶವನ್ನು ಸೇರಿಸುತ್ತದೆ. ಬಡ್ಡಿಯ ಮೇಲೆ ಬಡ್ಡಿ ಬೆಳೆಯುವಂತೆ ಘರ್ಷಣೆಯು ಬೆಳೆಯುತ್ತ ಹೋಗುತ್ತದೆ. ಈ ಲೆಕ್ಕವನ್ನು ೧೮ನೆಯ ಶತಮಾನದ ಮಹಾಗಣಿತಜ್ಞ ಆಯ್ಲರನ ಹೆಸರಿನಿಂದ ಕರೆಯುತ್ತಾರೆ.

ಕವಚದೊಳಗೆ ಬಾಗಿ ಹೋಗುವ ಕೇಬಲಿಗೂ ಈ ಲೆಕ್ಕ ಅನ್ವಯಿಸುತ್ತದೆ. ಎಂಜಿನಿನ ತುದಿಯಲ್ಲಿ ೧೦ ಕಿಲೋಗ್ರಾಂ ಭಾರದಷ್ಟು ಎಳೆತ ಬೇಕೆಂದು ಇಟ್ಟುಕೊಳ್ಳೋಣ. ಗ್ರೀಸು ಹಚ್ಚಿದ ಒಳ್ಳೆಯ ಕೇಬಲಿನ ಘರ್ಷಣಾಂಕವು ೦.೧೫ ಎಂದೂ, ತುಕ್ಕು ಹಿಡಿದುದರ ಘರ್ಷಣಾಂಕವು ೦.೫ ಎಂದೂ ಎಣಿಸೋಣ. ಕೇಬಲಿನ ಬಾಗುಗಳೆಲ್ಲ ಒಟ್ಟುಗೂಡಿ ಕಾಲು ಸುತ್ತಾದರೆ, ಒಳ್ಳೆಯ ಕೇಬಲನ್ನು ೧೩ ಕಿಲೋಗ್ರಾಂ ಬಲದಿಂದ ಎಳೆದರೆ ಸಾಕು. ತುಕ್ಕು ಹಿಡಿದುದಕ್ಕೆ ೨೨ ಬೇಕು. ಅರ್ಧ ಸುತ್ತಾದರೆ ಇವು ೧೬ ಮತ್ತು ೪೮ ಆಗುತ್ತವೆ. ಪೂರ್ಣ ಸುತ್ತಾದರೆ ೨೬ ಮತ್ತು ೨೩೧! ಘರ್ಷಣಾಂಕವು ಮೂರು ಪಟ್ಟು ಚಿಲ್ಲರೆ ಹೆಚ್ಚಿದ್ದಕ್ಕೆ ಬೇಕಾದ ಬಲವು ಒಂಬತ್ತು ಪಟ್ಟಿನಷ್ಟಾಯಿತು. ಕೇಬಲು ಇದ್ದಕ್ಕಿದ್ದಂತೆ ಕಟ್ಟಿಕೊಂಡಿತೆಂದು ನಮಗೆ ತೋರುವುದು ಇದರಿಂದಲೇ. ಕೆಡುಕು ಮೆಲ್ಲಮೆಲ್ಲನೆ ಬರುತ್ತದೆ. ಚಕ್ರಬಡ್ಡಿಯ ಸಾಲದಂತೆ ಕೊನೆಯಲ್ಲಿ ಒಮ್ಮೆಲೇ ಮೇಲೆ ಬೀಳುತ್ತದೆ.

ಈ ಲೆಕ್ಕದಲ್ಲಿ ಬಾಗಿನ ಒಟ್ಟು ಕೋನ ಮಾತ್ರ ಬರುತ್ತದೆ. ಬಾಗು ಎಷ್ಟು ದೊಡ್ಡದೆಂಬುದು ಬರುವುದಿಲ್ಲ. ಆದರೂ ಕೇಬಲನ್ನು ಕೂಡಿಸುವವರು ಸುಮಾರು ೨೦ ಸೆಂಟಿಮೀಟರಿಗಿಂತ ಚಿಕ್ಕ ತ್ರಿಜ್ಯದಲ್ಲಿ ಅದನ್ನು ಬಗ್ಗಿಸಬಾರದೆಂಬ ವಾಡಿಕೆಯುಂಟು. ಗಡುಸಾದ ಒಳತಂತಿಯು ಬಾಗಲು ಒಪ್ಪದೆ ಕವಚದ ಗೋಡೆಯನ್ನು ಒತ್ತುತ್ತದೆ. ಆ ಒತ್ತಡವೂ ಘರ್ಷಣೆಗೆ ಕೂಡಿಕೊಳ್ಳುತ್ತದೆ.

ತುಕ್ಕಿನ ಕೈವಾಡ

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೂ ಆಮ್ಲಜನಕವೂ ಬೇಕೆಂದು ಎಲ್ಲ ವಿದ್ಯಾರ್ಥಿಗಳೂ ಓದಿರುತ್ತಾರೆ. ಹನಿ ನೀರು ಬೀಳಲೇಬೇಕೆಂದಿಲ್ಲ. ಗಾಳಿಯ ತೇವವು ನೂರಕ್ಕೆ ಸುಮಾರು ಅರುವತ್ತನ್ನು ಮೀರಿದರೆ, ಕಣ್ಣಿಗೆ ಕಾಣದ ನೀರಿನ ಪೊರೆಯು ಲೋಹದ ಮೇಲೆ ಕುಳಿತು ಕೆಲಸ ಆರಂಭಿಸುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗದ ಮಲೆನಾಡಿನ ಮನೆಗಳಲ್ಲಿ ಕತ್ತಿಗುದ್ದಲಿಗಳು ಕೆಂಪಾಗುವುದು ಹೀಗೆ. ಅಳಿವೆಯ ನೀರಿನಲ್ಲಿ ಉಪ್ಪೂ ಸೇರಿರುತ್ತದೆ. ಕಡಲಿನ ಒಂದು ಲೀಟರು ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿರುತ್ತವೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ತುಕ್ಕಿನ ವೇಗವು ಹೆಚ್ಚುತ್ತದೆ.

ವಿದ್ಯುತ್ತಿಗೂ ತುಕ್ಕಿಗೂ ಏನು ಸಂಬಂಧ? ಒಂದು ಸುಲಭ ಪ್ರಯೋಗದಿಂದ ಇದನ್ನು ತಿಳಿಯಬಹುದು. ಎಮರಿ ಕಾಗದದಿಂದ ಉಜ್ಜಿ ಹೊಳಪಿಸಿದ ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ದಪ್ಪ ಹನಿಯೊಂದನ್ನು ಇಡಿರಿ. ಕೆಲವು ಗಂಟೆಗಳ ತರುವಾಯ ನೋಡಿದರೆ, ಗಾಳಿಗೆ ಹತ್ತಿರವಾದ ಅಂಚು ಬಹುಮಟ್ಟಿಗೆ ಹಾಗೆಯೇ ಇದ್ದು, ಹನಿಯ ನಡುಭಾಗದ ಲೋಹವು ಕರಗತೊಡಗಿರುತ್ತದೆ. ಎರಡರ ನಡುವೆ ಕೆಂಪು ತುಕ್ಕಿನ ಉಂಗುರ ಕಾಣುತ್ತದೆ. ಕೇಂಬ್ರಿಜಿನ ವಿಜ್ಞಾನಿ ಯುಲಿಕ್ ಇವಾನ್ಸ್ ಈ ಹನಿಯ ಪ್ರಯೋಗದಿಂದ ಪ್ರಸಿದ್ಧನಾದನು. ಆಮ್ಲಜನಕ ಹೆಚ್ಚಾಗಿ ದೊರೆಯುವ ಜಾಗಕ್ಕೂ ದೊರೆಯದ ಜಾಗಕ್ಕೂ ನಡುವೆ ಚಿಕ್ಕದೊಂದು ವಿದ್ಯುತ್ಕೋಶವು ಏರ್ಪಡುತ್ತದೆ. ಆಮ್ಲಜನಕ ಕಡಿಮೆಯಿರುವ ಕಡೆ ಕಬ್ಬಿಣವು ಕರಗುತ್ತದೆ.

ಈಗ ನಮ್ಮ ಅಡ್ಡ ಕೊಳವೆಯನ್ನು ನೆನೆಯಿರಿ. ಸರಳಿಗೂ ಕೊಳವೆಗೂ ನಡುವಿನ ಸಂದು ಕೂದಲೆಳೆಯಷ್ಟು. ಒಮ್ಮೆ ನುಗ್ಗಿದ ನೀರು ಅಲ್ಲಿಂದ ಸುಲಭವಾಗಿ ಒಣಗಿಹೋಗುವುದಿಲ್ಲ. ಒಳಗಿನ ಆಮ್ಲಜನಕವು ಬೇಗನೆ ತೀರುತ್ತದೆ. ಹೊರಗೆ ಗಾಳಿ, ಒಳಗೆ ಗಾಳಿಯಿಲ್ಲದ ಉಪ್ಪುನೀರು: ವಿದ್ಯುತ್ಕೋಶಕ್ಕೆ ಬೇಕಾದುದೆಲ್ಲ ಸಿದ್ಧವಾಯಿತು. ತುಕ್ಕು ಹಿಡಿಯದ ಉಕ್ಕನ್ನು ಬಳಸಿದರೂ ಪೂರ್ತಿ ಅಭಯವಿಲ್ಲ. ಅದರಲ್ಲಿರುವ ಕ್ರೋಮಿಯಮ್ ಲೋಹವು ಆಮ್ಲಜನಕದೊಡನೆ ಕೂಡಿ ಕಟ್ಟುವ ತೆಳುಪೊರೆಯೇ ಉಕ್ಕಿನ ಕಾವಲು. ಆಮ್ಲಜನಕ ದೊರೆಯದ ಸಂದಿನಲ್ಲಿ ಉಪ್ಪು ಈ ಪೊರೆಯನ್ನು ಮುರಿಯುತ್ತದೆ. ಮುರಿದ ಪೊರೆಯು ಮತ್ತೆ ಕೂಡಲಾರದು.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಕೂದಲೆಳೆಯಷ್ಟು ಸಂದು ತುಂಬಲು ಎಷ್ಟು ಕಾಲ ಬೇಕು? ಇದರ ಮೇಲೆ ಹಳೆಯ ಗ್ರೀಸಿನ ಕಾಟವೂ ಉಂಟು. ಗ್ರೀಸೆಂದರೆ ಸಾಬೂನಿನಂಥ ವಸ್ತುವಿನಲ್ಲಿ ಹಿಡಿದಿಟ್ಟ ಎಣ್ಣೆ. ಕಾಲ ಕಳೆದಂತೆ ಎಣ್ಣೆಯು ಸೋರಿಹೋಗಿ, ಉಳಿದುದು ಮೇಣದಂತೆ ಗಟ್ಟಿಯಾಗುತ್ತದೆ. ದೋಣಿ ದಿನವೂ ನಡೆಯುತ್ತಿದ್ದರೆ ಸರಳಿನ ಓಡಾಟವೇ ತುಕ್ಕನ್ನು ಕೆರೆದು, ಗ್ರೀಸನ್ನು ಹರಡುತ್ತದೆ. ನಿಂತ ದೋಣಿಗೆ ಈ ರಕ್ಷಣೆಯಿಲ್ಲ. ಕೇಬಲಿನ ದೊಡ್ಡ ಶತ್ರುವು ವಿಶ್ರಾಂತಿಯೆಂದು ಹೇಳಿದರೆ ತಪ್ಪಾಗಲಾರದು.

ಮೊದಲು ರೋಗನಿದಾನ

ಚಕ್ರವು ತಿರುಗದಿದ್ದಾಗ ಅದಕ್ಕೆ ಇಬ್ಬರು ಜೋತುಬಿದ್ದು ತಿರುಗಿಸುವುದು ಸಾಮಾನ್ಯವಾಗಿ ಕಾಣುವ ಪದ್ಧತಿ. ಇದು ಕೂಡದು. ಚಕ್ರದ ಹಿಂದಿನ ಹಲ್ಲುಗಾಲಿ ಮುರಿಯಬಹುದು, ಒಳತಂತಿ ಡೊಂಕಾಗಬಹುದು, ಎಲ್ಲಕ್ಕಿಂತ ಮಿಗಿಲಾಗಿ, ಅರ್ಧ ಬಿರುಕುಬಿಟ್ಟ ಭಾಗವೊಂದು ಅಂದು ಉಳಿದುಕೊಂಡು ಮುಂದೆ ನಡುಹೊಳೆಯಲ್ಲಿ ತುಂಡಾಗಬಹುದು. ವೈದ್ಯನು ಔಷಧಿಗಿಂತ ಮೊದಲು ರೋಗವೆಲ್ಲಿದೆಯೆಂದು ನೋಡುವಂತೆ, ನಾವು ಬಿಗಿತ ಎಲ್ಲಿದೆಯೆಂದು ಮೊದಲು ಕಂಡುಹಿಡಿಯಬೇಕು.

ದೋಣಿಯನ್ನು ದಡಕ್ಕೆ ತಂದು, ಎಂಜಿನನ್ನು ನಿಲ್ಲಿಸಿ, ಬ್ಯಾಟರಿಯ ತಂತಿಯನ್ನು ಕಳಚಿಡತಕ್ಕದ್ದು. ತರುವಾಯ ಎಂಜಿನಿನ ತೋಳಿಗೂ ಸರಳಿಗೂ ನಡುವಿನ ಕೊಂಡಿಯನ್ನು ಬಿಚ್ಚಬೇಕು. ಈ ಒಂದು ಕೊಂಡಿಯನ್ನು ಬಿಚ್ಚುವುದರಿಂದ ಸಮಸ್ಯೆಯು ಎರಡು ಪಾಲಾಗುತ್ತದೆ. ಎಂಜಿನನ್ನು ಕೈಯಿಂದ ಎಡಬಲಕ್ಕೆ ಹೊರಳಿಸಿ ನೋಡಿರಿ. ಅದು ಹೊರಳದಿದ್ದರೆ ಕೇಬಲಿನದು ತಪ್ಪಲ್ಲ. ಎಂಜಿನು ತಿರುಗುವ ಗೂಟವೇ ಗ್ರೀಸಿಲ್ಲದೆ ಕಟ್ಟಿಕೊಂಡಿದೆ. ಎಂಜಿನು ಸರಾಗವಾಗಿ ಹೊರಳಿ, ಚಕ್ರ ಮಾತ್ರ ಬಿಗಿಯಾಗಿದ್ದರೆ ದೋಷವು ಕೇಬಲಿನ ಕಡೆಗಿದೆ.

ಇನ್ನೊಮ್ಮೆ ಪಾಲು ಮಾಡೋಣ. ಅಡ್ಡ ಕೊಳವೆಯ ತುದಿಯಲ್ಲಿ ಕೇಬಲನ್ನು ಹಿಡಿದಿರುವ ದೊಡ್ಡ ನಟ್ಟನ್ನು ಬಿಚ್ಚಿ ಸರಳನ್ನು ಹೊರಗೆಳೆಯಬೇಕು. ಹೊರಬಂದ ಮೇಲೆ ಚಕ್ರವು ಹಗುರವಾಗಿ ತಿರುಗಿದರೆ ಕೊಳವೆಯೇ ಅಪರಾಧಿ. ಆಗಲೂ ಬಿಗಿಯಾಗಿದ್ದರೆ ಕೇಬಲನ್ನು ಚಕ್ರದ ಪೆಟ್ಟಿಗೆಯಿಂದಲೂ ಬೇರ್ಪಡಿಸಿ ಪೆಟ್ಟಿಗೆಯನ್ನು ಮಾತ್ರ ತಿರುಗಿಸಿ ನೋಡಬೇಕು. ಅದು ಸರಾಗವಾಗಿದ್ದರೆ ಉಳಿಯುವುದು ಕವಚದೊಳಗಿನ ತಂತಿಯೊಂದೇ. ಗುಂಡಿ ಒತ್ತಿದರೂ ಉರಿಯದ ದೀಪವಾಗಲಿ, ನೀರು ಬಾರದ ಪಂಪಾಗಲಿ, ಎಲ್ಲಕ್ಕೂ ಇದೇ ಕ್ರಮ: ನಡುವಿನಲ್ಲಿ ಬಿಡಿಸು, ಯಾವ ಅರ್ಧದಲ್ಲಿ ದೋಷವಿದೆಯೆಂದು ನೋಡು, ಆ ಅರ್ಧವನ್ನು ಮತ್ತೆ ಪಾಲು ಮಾಡು.

ಸುತ್ತಿಗೆಗಿಂತ ಮೊದಲು ಎಣ್ಣೆ

ಸರಳು ಕೊಳವೆಯಿಂದ ಹೊರಬಾರದೆ ಹಟಹಿಡಿದರೆ ಏನು ಮಾಡಬೇಕು? ತುಕ್ಕು ಬಿಡಿಸಲೆಂದೇ ಮಾರುವ ತೆಳುವಾದ ಎಣ್ಣೆಯನ್ನು ಕೊಳವೆಯ ಎರಡೂ ಬಾಯಿಗಳಿಗೆ ಹಾಕಿ ರಾತ್ರಿಯಿಡೀ ಬಿಡಬೇಕು. ದೀಪದ ಬತ್ತಿಯಲ್ಲಿ ಸೀಮೆಎಣ್ಣೆಯು ತಾನಾಗಿ ಏರುವುದಷ್ಟೆ. ಅದೇ ಲೋಮನಾಳದ ತತ್ತ್ವದಿಂದ ಈ ಎಣ್ಣೆಯು ತುಕ್ಕಿನ ರಂಧ್ರಗಳೊಳಗೆ ಇಳಿಯುತ್ತದೆ. ಈ ಇಳಿತಕ್ಕೆ ಹೊತ್ತು ಬೇಕು, ಅವಸರದಿಂದ ಪ್ರಯೋಜನವಿಲ್ಲ. ಮರುದಿನ ಸರಳಿನ ತುದಿಗೆ ಮರದ ತುಂಡೊಂದನ್ನು ಕೊಟ್ಟು ಕೊಡತಿಯಿಂದ ಮೆಲ್ಲಗೆ ಬಡಿಯಬಹುದು. ಸುತ್ತಿಗೆಯಿಂದ ನೇರವಾಗಿ ಬಡಿದರೆ ಸರಳಿನ ತುದಿಯು ಅಣಬೆಯ ತಲೆಯಂತೆ ಹರಡಿ, ಮತ್ತೆಂದಿಗೂ ಕೊಳವೆಯ ಮೂಲಕ ಬಾರದು. ಒಂದೇ ದಿಕ್ಕಿಗೆ ಹೊಡೆಯುತ್ತ ಹೋಗದೆ, ಕೂದಲೆಳೆಯಷ್ಟು ಅಲುಗಿದರೂ ಹಿಂದಕ್ಕೆ ತಂದು ಮತ್ತೆ ಮುಂದಕ್ಕೆ ಸರಿಸಬೇಕು. ಪ್ರತಿ ಓಡಾಟಕ್ಕೂ ಸ್ವಲ್ಪ ತುಕ್ಕು ಪುಡಿಯಾಗಿ ಎಣ್ಣೆಗೆ ದಾರಿಯಾಗುತ್ತದೆ.

ಇದಕ್ಕೂ ಜಗ್ಗದಿದ್ದರೆ ಕೊಳವೆಯ ಹೊರಮೈಯನ್ನು ಕಾಯಿಸುವುದುಂಟು. ಉಕ್ಕು ಒಂದು ಡಿಗ್ರಿ ಸೆಲ್ಸಿಯಸಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು ೧೨ ಪಾಲು ಹಿಗ್ಗುತ್ತದೆ. ಹೊರಗಿನ ಕೊಳವೆಯು ಒಳಗಿನ ಸರಳಿಗಿಂತ ೧೦೦ ಡಿಗ್ರಿ ಹೆಚ್ಚು ಬಿಸಿಯಾದರೆ, ೧೬ ಮಿಲಿಮೀಟರಿನ ಬಾಯಿಯು ೦.೦೧೯ ಮಿಲಿಮೀಟರು ಅಗಲವಾಗುತ್ತದೆ. ಇದು ಮಿಲಿಮೀಟರಿನ ಐವತ್ತನೆಯ ಒಂದು ಪಾಲು ಮಾತ್ರ; ಆದರೂ ತುಕ್ಕಿನ ಹಿಡಿತ ಬಿರಿಯಲು ಅದು ಹಲವೊಮ್ಮೆ ಸಾಕಾಗುತ್ತದೆ. ಆದರೆ ಸಮೀಪದಲ್ಲಿಯೇ ಪೆಟ್ರೋಲಿನ ನಳಿಗೆಯಿರುತ್ತದೆ, ಹಾಕಿದ ಎಣ್ಣೆಯೂ ಹೊತ್ತಿಕೊಳ್ಳುವಂಥದು. ಆದುದರಿಂದ ಬೆಂಕಿಯ ಕೆಲಸವನ್ನು ಪೆಟ್ರೋಲ್ ತೊಟ್ಟಿಯನ್ನು ದೂರವಿರಿಸಿ, ನುರಿತ ಮೆಕ್ಯಾನಿಕನೇ ಮಾಡತಕ್ಕದ್ದು. ವಿದ್ಯಾರ್ಥಿಗಳು ಇದಕ್ಕೆ ಕೈಹಾಕಬಾರದು.

ಸರಳು ಹೊರಬಂದ ಮೇಲೆ ಉಳಿದುದು ಶುಚಿಯ ಕೆಲಸ. ದುಂಡನೆಯ ತಂತಿಬ್ರಷ್ಷಿನಿಂದ ಕೊಳವೆಯ ಒಳಗನ್ನು ಉಜ್ಜಿ, ಬಟ್ಟೆಯಿಂದ ಒರಸಿ, ಬಟ್ಟೆಯು ಬೆಳ್ಳಗೆ ಹೊರಬರುವವರೆಗೆ ಹಳೆಯ ಗ್ರೀಸನ್ನು ತೆಗೆಯಬೇಕು. ಬಳಿಕ ನೀರಿಗೆ ತೊಳೆದುಹೋಗದ, ದೋಣಿಗಳಿಗೆಂದೇ ತಯಾರಾದ ಗ್ರೀಸನ್ನು ಹಚ್ಚಬೇಕು. ಕೊಳವೆಗೆ ಗ್ರೀಸು ತುಂಬುವ ಮೊಲೆಯಿದ್ದರೆ, ತುಂಬುವಾಗ ಸರಳನ್ನು ಪೂರ್ತಿಯಾಗಿ ಒಳಕ್ಕೆ ಎಳೆದಿಟ್ಟಿರಬೇಕು. ಹಾಗೆ ಮಾಡದಿದ್ದರೆ ಗ್ರೀಸು ಹಿಂದೆ ಸಿಕ್ಕಿಕೊಂಡು, ಹೋಗಲು ಎಡೆಯಿಲ್ಲದೆ ಸರಳನ್ನು ತಡೆಯುತ್ತದೆ. ದ್ರವದಂಥ ವಸ್ತುಗಳನ್ನು ಅದುಮಿ ಕುಗ್ಗಿಸಲಾಗದೆಂಬ ಪಾಠವೇ ಇಲ್ಲಿ ಹೊಸ ತೊಂದರೆಯಾಗಿ ಬರುತ್ತದೆ.

ಬಿಡಿಸಿದರೆ ಸಾಕೆ?

ಇದು ನಮ್ಮ ಕೊನೆಯ ಪ್ರಶ್ನೆ, ಮುಖ್ಯವಾದುದೂ ಹೌದು. ಬಿಗಿತವು ಅಡ್ಡ ಕೊಳವೆಯಲ್ಲಿ ಮಾತ್ರ ಇದ್ದು, ಸರಳಿನ ಮೈಯಲ್ಲಿ ಗುಳಿಗಳಿಲ್ಲದೆ, ಕೇಬಲು ಹಗುರವಾಗಿ ಚಲಿಸುತ್ತಿದ್ದರೆ, ಅದನ್ನು ಮತ್ತೆ ಬಳಸಬಹುದು. ಆದರೆ ಕವಚದೊಳಗೇ ತಂತಿಯು ಕಟ್ಟಿಕೊಂಡಿದ್ದರೆ, ಎಣ್ಣೆ ಬಿಟ್ಟು ಹೇಗೋ ಸಡಿಲಿಸಿ ಕೆಲಸಕ್ಕೆ ಹಚ್ಚುವುದು ಸರಿಯಲ್ಲ. ನೀರು ಒಳಹೊಕ್ಕಿದೆಯೆಂದರೆ ಕವಚವು ಎಲ್ಲಿಯೋ ಸೀಳಿದೆ. ತುಕ್ಕು ಎಷ್ಟು ಎಳೆಗಳನ್ನು ತಿಂದಿದೆಯೆಂದು ಹೊರಗಿನಿಂದ ಕಾಣುವಂತಿಲ್ಲ. ಕವಚದ ಪ್ಲಾಸ್ಟಿಕ್ಕು ಉಬ್ಬಿದ್ದರೆ, ಬಿರಿದಿದ್ದರೆ, ಅದರ ಮೇಲೆ ಕೆಂಪು ಕಲೆ ಮೂಡಿದ್ದರೆ ಆ ಕೇಬಲಿನ ಆಯುಸ್ಸು ಮುಗಿಯಿತೆಂದು ತಿಳಿದು ಹೊಸದನ್ನು ಹಾಕಬೇಕು. ಕೊಂಡಿಯನ್ನು ಹಿಡಿಯುವ ನಟ್ಟುಗಳು ತಾವಾಗಿ ಸಡಿಲವಾಗದಂಥವು. ಒಮ್ಮೆ ಬಿಚ್ಚಿದರೆ ಅವುಗಳ ಹಿಡಿತ ಕುಂದುವುದರಿಂದ ಅವನ್ನೂ ಹೊಸದಾಗಿ ಹಾಕುವುದು ಲೇಸು. ಎಲ್ಲ ಕೂಡಿಸಿದ ಮೇಲೆ ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ದಡದಲ್ಲಿಯೇ ಹಲವು ಸಲ ತಿರುಗಿಸಿ, ಅನಂತರ ನಿಂತ ನೀರಿನಲ್ಲಿ ಮೆಲ್ಲಗೆ ನಡೆಸಿ ಪರೀಕ್ಷಿಸಬೇಕು. ಸೆಳವಿನ ಹೊಳೆಯು ಪರೀಕ್ಷೆಯ ಸ್ಥಳವಲ್ಲ.

ಕೇಬಲು ಮುಂಚಿತವಾಗಿಯೇ ಎಚ್ಚರಿಕೆ ಕೊಡುತ್ತದೆ. ಚಕ್ರವು ಹೋದ ತಿಂಗಳಿಗಿಂತ ತುಸು ಭಾರವಾಗಿ ತೋರುವುದು, ಒಂದು ಬದಿಗಿಂತ ಇನ್ನೊಂದು ಬದಿಗೆ ಬಿಗಿಯಾಗುವುದು, ತಡೆತಡೆದು ತಿರುಗುವುದು ಇವು ಚಕ್ರಬಡ್ಡಿಯ ಮೊದಲ ಕಂತುಗಳು. ಆ ಘಟ್ಟದಲ್ಲಿ ಗ್ರೀಸು ಹಚ್ಚಿದರೆ ಕೆಲಸ ಗಳಿಗೆಯೊಳಗೆ ಮುಗಿಯುತ್ತದೆ. ಉಪ್ಪುನೀರಿನಿಂದ ಬಂದ ದೋಣಿಯನ್ನು ಸಿಹಿನೀರಿನಿಂದ ತೊಳೆಯುವುದು, ಸರಳನ್ನು ಒಳಕ್ಕೆಳೆದು ನಿಲ್ಲಿಸುವುದು, ದೋಣಿಗೆ ಕೆಲಸವಿಲ್ಲದ ತಿಂಗಳುಗಳಲ್ಲಿಯೂ ವಾರಕ್ಕೊಮ್ಮೆ ಚಕ್ರವನ್ನು ಎರಡೂ ಕೊನೆಗೆ ತಿರುಗಿಸುವುದು: ಇಷ್ಟೇ ಅದರ ಆರೈಕೆ.

ದೋಣಿಯಿಲ್ಲದ ವಿದ್ಯಾರ್ಥಿಗಳು ಈ ಪಾಠವನ್ನು ಸೈಕಲಿನ ಮೇಲೆಯೇ ಕಲಿಯಬಹುದು. ಬ್ರೇಕಿನ ಹಿಡಿಯನ್ನು ಒತ್ತಿ ಬಿಡಿರಿ. ಅದು ಟಕ್ಕನೆ ಹಿಂದಕ್ಕೆ ಬಾರದೆ ನಿಧಾನವಾಗಿ ಬಂದರೆ ತಂತಿಯು ಕಟ್ಟಿಕೊಳ್ಳತೊಡಗಿದೆಯೆಂದು ಅರ್ಥ. ಕೈಯ ಬಲದ ಮುಂದೆ ಹೆಚ್ಚಿದ ಘರ್ಷಣೆಯು ಗೊತ್ತಾಗುವುದಿಲ್ಲ, ಸ್ಪ್ರಿಂಗಿನ ಚಿಕ್ಕ ಬಲಕ್ಕೆ ಅದು ಕೂಡಲೇ ಗೊತ್ತಾಗುತ್ತದೆ. ಆದುದರಿಂದ ರೋಗವು ಮೊದಲು ಕಾಣುವುದು ಹಿಂದಿರುಗುವ ದಾರಿಯಲ್ಲಿ. ತಂತಿಯನ್ನು ಒಂದು ತುದಿಯಲ್ಲಿ ಬಿಡಿಸಿ, ದೋಷವು ಹಿಡಿಯಲ್ಲಿದೆಯೋ ಚಕ್ರದ ಬಳಿಯಲ್ಲಿದೆಯೋ ನಳಿಗೆಯಲ್ಲಿದೆಯೋ ಎಂದು ಪಾಲು ಮಾಡಿ ನೋಡಿರಿ. ಮುಂಗಾರು ಆರಂಭವಾಗುವ ಮೊದಲು, ಮೇ ತಿಂಗಳಿನಲ್ಲಿಯೇ, ಈ ಪರೀಕ್ಷೆಯನ್ನು ಮುಗಿಸಿದರೆ ಒಳ್ಳೆಯದು. ಮಳೆ ಹಿಡಿದ ಮೇಲೆ ಇಳಿಜಾರಿನ ರಸ್ತೆಯಲ್ಲಿ ಸೈಕಲಿಗೂ, ಉಕ್ಕಿದ ಹೊಳೆಯಲ್ಲಿ ದೋಣಿಗೂ ದುರಸ್ತಿಗೆ ಸಮಯವಿರುವುದಿಲ್ಲ.